ಆಯಾಮ ಹೆಚ್ಚಾದರೆ ಬಹುವಿಶ್ವ ದೊಡ್ಡದಾಗುತ್ತದೆಯೇ?

ಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ನಾವು ಕೆಲವು ಗೆಳೆಯರು ಸೇರಿ ಕಥೆಗಳಲ್ಲಿ ಬರುವ ಬಹುವಿಶ್ವಗಳನ್ನು, ಅಂದರೆ ಹಲವು ವಿಶ್ವಗಳ ಕೂಟಗಳನ್ನು, ಗಾತ್ರದ ಪ್ರಕಾರ ಜೋಡಿಸುತ್ತಿದ್ದೇವೆ. ಇಟ್ಟುಕೊಂಡಿರುವ ನಿಯಮ ಒಂದೇ: ಒಂದು ಆಯಾಮ ಹೆಚ್ಚಿದ್ದರೆ ಆ ಲೋಕ ಕೆಳಗಿನದಕ್ಕಿಂತ ಅನಂತ ಪಟ್ಟು ದೊಡ್ಡದು. ಡಿಸಿ ಕಾಮಿಕ್ಸ್‌ನ ವಿಷಯಕ್ಕೆ ಬಂದಾಗ ತಕರಾರು ಎದ್ದಿತು. 2007ರಲ್ಲಿ ಅಲ್ಲಿನ ವಿಶ್ವಗಳು 52 ಎಂದು ನಿಗದಿಯಾದವು. ಆದರೆ ಸೂಪರ್‌ಮ್ಯಾನ್‌ನನ್ನು ಕಾಡುವ ಕುಚೇಷ್ಟೆಯ ಜೀವಿಯೊಂದು ಐದನೇ ಆಯಾಮದಿಂದ ಬರುತ್ತದೆ. ಹಾಗಾದರೆ ಮೂರಾಯಾಮದ ಅನಂತ ವಿಶ್ವಗಳಿರುವ ಬೇರೊಂದು ಕಥೆಗಿಂತ ಇದನ್ನು ಮೇಲಿಡಬೇಕೇ? ಗಣಿತ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಪ್ತಾಪುರ, ಧಾರವಾಡ

ನಿಮ್ಮ ನಿಯಮದಲ್ಲಿ ಅರ್ಧ ಸರಿಯಿದೆ. ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮು 1507 ಮೀಟರ್ ಇದೆ. ಅದನ್ನು ಅಗಲವೇ ಇಲ್ಲದ ಗೆರೆಯೆಂದು ಭಾವಿಸಿದರೆ ಅದರ ವಿಸ್ತೀರ್ಣ ಸೊನ್ನೆ, ಬೆಂಗಳೂರಿನವರೆಗೆ ಎಳೆದರೂ ಸೊನ್ನೆಯೇ. ಹಾಗೆಯೇ ನಾಲ್ಕು ಆಯಾಮಗಳ ಅವಕಾಶದಲ್ಲಿ, ಆ ನಾಲ್ಕನೆಯ ದಿಕ್ಕಿಗೆ ದಪ್ಪವಿಲ್ಲದ ಮೂರಾಯಾಮದ ವಿಶ್ವದ ಅಳತೆಯೂ ಸೊನ್ನೆ. ಆದರೆ ಅಷ್ಟರಿಂದ 'ಅನಂತ ಪಟ್ಟು ದೊಡ್ಡದು' ಎನ್ನುವುದು ಮೊಳದ ಲೆಕ್ಕವನ್ನೂ ಸೇರಿನ ಲೆಕ್ಕವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಂತಾಗುತ್ತದೆ. ಬಿಂದುಗಳನ್ನೇ ಎಣಿಸುವುದಾದರಂತೂ ನಿಯಮ ಪೂರ್ತಿ ಬಿದ್ದುಹೋಗುತ್ತದೆ. ಗೆರೆಯ ತುಂಡೊಂದರ ಬಿಂದುಗಳನ್ನು ಚೌಕದ ಬಿಂದುಗಳಿಗೆ ಒಂದೂ ಉಳಿಯದಂತೆ ಒಂದಕ್ಕೊಂದು ಜೋಡಿಸಬಹುದೆಂದು ಗಣಿತಜ್ಞ ಕ್ಯಾಂಟರ್ 1877ರಲ್ಲಿ ಕಂಡುಕೊಂಡರು; ಕಂಡರೂ ನಂಬಲಾಗುತ್ತಿಲ್ಲವೆಂದು ಗೆಳೆಯ ಡೆಡೆಕಿಂಡ್‌ಗೆ ಪತ್ರ ಬರೆದರು. ಆಯಾಮ ಮೂರಿರಲಿ, ಹನ್ನೊಂದಿರಲಿ, ಬಿಂದುಗಳ ಲೆಕ್ಕ ಅಷ್ಟೇ. ಆದ್ದರಿಂದ ಏನನ್ನು ಅಳೆಯುತ್ತೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ.

ಉತ್ತರ: ಬೆಟಗೇರಿ, ಗದಗ

ನಮ್ಮ ಮನೆಯಲ್ಲಿ ಕೈಮಗ್ಗವಿದೆ, ಹಾಗಾಗಿ ಧಾರವಾಡದ ಸರ್ ಹೇಳಿದ್ದನ್ನು ನೂಲಿನಲ್ಲಿ ಹೇಳುತ್ತೇನೆ. ಹಾಸಿನ ಎಳೆಗಳನ್ನು ಒಂದರ ಪಕ್ಕ ಒಂದು ಕೂಡಿಸಿದಾಗ ಸೀರೆಯ ಅಗಲ ತುಂಬುವುದು ಎಳೆಗೆ ದಪ್ಪವಿರುವುದರಿಂದ ಮಾತ್ರ. ದಪ್ಪವೇ ಇಲ್ಲದ ಎಳೆಗಳನ್ನು ಒಂದು, ಎರಡು, ಮೂರು ಎಂದು ಕೊನೆಯಿಲ್ಲದೆ ಎಣಿಸುತ್ತ ಹಾಸಿದರೂ ಬೆರಳಗಲದ ಬಟ್ಟೆಯಾಗುವುದಿಲ್ಲ. ಅದಕ್ಕೆ ಎಣಿಸಲು ಬಾರದಷ್ಟು, ಅಂದರೆ ಗೆರೆಯ ಮೇಲಿನ ಬಿಂದುಗಳಷ್ಟು ಎಳೆಗಳು ಬೇಕು. ಮಾರ್ವೆಲ್ ಕಾಮಿಕ್ಸ್ ತನ್ನ ಮುಖ್ಯ ವಿಶ್ವದ ಭೂಮಿಗೆ 616 ಎಂಬ ಅಂಕಿ ಕೊಟ್ಟಿದೆ. ಪ್ರತಿ ವಿಶ್ವಕ್ಕೂ ಹೀಗೆ ಬೇರೆ ಬೇರೆ ಅಂಕಿ ಹಚ್ಚಬಹುದಾದರೆ, ಅವು ಎಷ್ಟೇ ಇದ್ದರೂ ಎಣಿಸಬಲ್ಲ ಅನಂತವನ್ನು ದಾಟುವುದಿಲ್ಲ. ನಿಮ್ಮ ಇನ್ನೊಂದು ಕಥೆಯ 'ಅನಂತ' ಯಾವ ಬಗೆಯದು ಎಂದು ಮೊದಲು ನೋಡಬೇಕು.

ಉತ್ತರ: ಹಾವೇರಿ

ಆ ಐದನೇ ಆಯಾಮ ಎಷ್ಟು ಉದ್ದವಿದೆ ಎಂದು ಇನ್ನೂ ಯಾರೂ ಕೇಳಿಲ್ಲ. ಹೆಚ್ಚುವರಿ ಆಯಾಮವೊಂದು ಕಣ್ಣಿಗೆ ಬೀಳದಷ್ಟು ಸಣ್ಣ ವೃತ್ತವಾಗಿ ಸುರುಳಿ ಸುತ್ತಿಕೊಂಡಿರಬಹುದೆಂದು ಭೌತವಿಜ್ಞಾನಿ ಆಸ್ಕರ್ ಕ್ಲೈನ್ 1926ರಲ್ಲೇ ಸೂಚಿಸಿದ್ದರು. ಕಣಗಳನ್ನು ಸಣ್ಣ ತಂತಿಗಳೆಂದು ಭಾವಿಸುವ ಇಂದಿನ ಸೂಪರ್‌ಸ್ಟ್ರಿಂಗ್ ಸಿದ್ಧಾಂತ ಹೇಳುವ 10 ಆಯಾಮಗಳಲ್ಲೂ ಆರನ್ನು ಸಾಮಾನ್ಯವಾಗಿ ಹೀಗೆಯೇ ಮಡಚಿಡುತ್ತಾರೆ. ಅಂಥ ಆಯಾಮ ಸೇರಿದ ಮಾತ್ರಕ್ಕೆ ಲೋಕ ವಿಶಾಲವಾಗುವುದಿಲ್ಲ. 'ಒಳಗಿರುವುದು ಚಿಕ್ಕದು' ಎಂಬ ನಂಬಿಕೆಯನ್ನೂ ಬಿಡುವುದು ಒಳ್ಳೆಯದು: ಯೋಗವಾಸಿಷ್ಠ ಗ್ರಂಥದ ರಾಣಿ ಲೀಲೆಯ ಕಥೆಯಲ್ಲಿ ರಾಜನ ಇಡೀ ರಾಜ್ಯ ಒಬ್ಬ ಬ್ರಾಹ್ಮಣನ ಮನೆಯೊಳಗಿನ ಆಕಾಶದಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು: ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದಗಳು. ಒಂದೇ ಏಣಿಯ ಬದಲು ವಿಶ್ವಗಳ ಎಣಿಕೆ, ಅವುಗಳ ಆಯಾಮ, ಆ ಆಯಾಮದ ಉದ್ದವನ್ನು ಕಥೆ ಹೇಳಿದೆಯೇ ಎಂಬ ಮೂರು ಕಾಲಂಗಳನ್ನು ಹಾಕುತ್ತಿದ್ದೇವೆ. ಡಿಸಿಯ ಸಾಲಿನಲ್ಲಿ ಮೂರನೆಯ ಕಾಲಂ ಸದ್ಯಕ್ಕೆ ಖಾಲಿ ಇದೆ. ಅದು ತುಂಬುವವರೆಗೆ ಆ 52 ವಿಶ್ವಗಳಿಗೆ ಸ್ಥಾನ ಕೊಡುವುದಿಲ್ಲ.