ಎಂ1008 ಟ್ರಕ್: ಗ್ಲೋ ಪ್ಲಗ್‌ಗಳು ಪದೇ ಪದೇ ಸುಡುತ್ತಿವೆ

ಪ್ರಶ್ನೆ: ಅಮೆರಿಕದ ಸೇನೆ ಬಳಸುತ್ತಿದ್ದ, 6.2 ಲೀಟರ್ ಡೀಸೆಲ್ ಎಂಜಿನ್ನಿನ ಫೋರ್ ವೀಲ್ ಡ್ರೈವ್ ಎಂ1008 ಟ್ರಕ್ಕನ್ನು ಮನೆಯಲ್ಲೇ ದುರಸ್ತಿ ಮಾಡುತ್ತಿದ್ದೇನೆ. ಹೊಸದಾಗಿ ಹಾಕಿದ ಗ್ಲೋ ಪ್ಲಗ್‌ಗಳು (ಸ್ಟಾರ್ಟ್ ಮಾಡುವಾಗ ಎಂಜಿನ್ನಿನ ಒಳಭಾಗವನ್ನು ಬಿಸಿಮಾಡುವ ಪ್ಲಗ್‌ಗಳು) ಬೇಗನೆ ಸುಟ್ಟುಹೋಗುತ್ತಿದ್ದು, ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಗ್ಲೋ ಪ್ಲಗ್ ರಿಲೇಯನ್ನು, ಅಂದರೆ ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ಸ್ವಿಚ್ಚನ್ನು, ನೋಡಿ. ಅದರ ಕಾಂಟ್ಯಾಕ್ಟ್‌ಗಳು ಅಂಟಿಕೊಂಡರೆ, ಕೀಲಿ ತೆಗೆದ ಮೇಲೂ ಪ್ಲಗ್‌ಗಳಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಇನ್ನೊಂದು ಕಾರಣವೂ ಇದೆ. ಈ ಟ್ರಕ್ಕಿನ ಸ್ಟಾರ್ಟರ್ 24 ವೋಲ್ಟ್‌ನದು, ಪ್ಲಗ್‌ಗಳು 12 ವೋಲ್ಟ್‌ನವು. ವೋಲ್ಟೇಜ್ ಇಳಿಸಲು ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಮೇಲೆ ರೆಸಿಸ್ಟರ್‌ಗಳಿವೆ. ಒಂದೆರಡು ಪ್ಲಗ್ ಕೆಟ್ಟರೆ ಒಟ್ಟು ಕರೆಂಟ್ ಕಡಿಮೆಯಾಗಿ, ರೆಸಿಸ್ಟರ್‌ನಲ್ಲಿ ಇಳಿಯುವ ವೋಲ್ಟೇಜೂ ತಗ್ಗುವುದರಿಂದ, ಉಳಿದ ಪ್ಲಗ್‌ಗಳಿಗೆ ಹೆಚ್ಚು ವೋಲ್ಟೇಜ್ ತಲುಪಿ ಅವೂ ಒಂದೊಂದಾಗಿ ಸುಡುತ್ತವೆ.

ಉತ್ತರ 2: ಮೇಲಿನ ವಿವರಣೆ ಸರಿಯಾಗಿದೆ. ರೆಸಿಸ್ಟರ್‌ಗಳನ್ನು ಬಿಟ್ಟು ರಿಲೇಗೆ ನೇರವಾಗಿ 12 ವೋಲ್ಟ್ ಕೊಡುವುದೇ, ನನ್ನ ದೃಷ್ಟಿಯಲ್ಲಿ, ಈ ಟ್ರಕ್ಕಿಗೆ ಮಾಡಬಹುದಾದ ಅತ್ಯಂತ ಉಪಯುಕ್ತ ಬದಲಾವಣೆ. ಬ್ಯಾಟರಿಗಳ ಕೇಬಲ್ ಕಳಚದೆ ವೈರಿಂಗನ್ನು ಮುಟ್ಟಲೇಬೇಡಿ. ತುದಿ ಉಬ್ಬಿದ ಪ್ಲಗ್ಗನ್ನು ಬಲವಂತವಾಗಿ ಎಳೆದರೆ ಅದು ಒಳಗೇ ಮುರಿಯಬಹುದು. ಆದ್ದರಿಂದ ನಿಧಾನವಾಗಿ ತೆಗೆದು, ಮುಂದೆ ಉಬ್ಬದಂಥ ಸ್ವಯಂನಿಯಂತ್ರಿತ (ಬಿಸಿಯನ್ನು ತಾವೇ ಮಿತಿಯಲ್ಲಿಡುವ) ಪ್ಲಗ್‌ಗಳನ್ನೇ ಹಾಕಿ.