ಯಾವ ಪೋರ್ಟಿನಲ್ಲಿದ್ದೀಯಪ್ಪಾ?

ನಮ್ಮ ಗೆಳೆಯರ ಗುಂಪಿನಲ್ಲಿ ಹೆತ್ತವರಿಟ್ಟ ಹೆಸರುಗಳು ಚಲಾವಣೆ ಕಳೆದುಕೊಂಡು ಬಹಳ ಕಾಲವಾಯಿತು. ಗುಣವೇ ನಾಮಧೇಯ. ಹಾಗಾಗಿ “ಪೈಥಾನ್ ಭಾಷೆಯ ಫ್ಲಾಸ್ಕ್ ಎಂಬ ಸಲಕರಣೆಯಲ್ಲಿ ಕಟ್ಟಿದ ನನ್ನ ವೆಬ್ ಅಪ್ಲಿಕೇಶನ್ ಯಾವ ಪೋರ್ಟಿನಲ್ಲಿ ಓಡುತ್ತಿದೆ, ಬೇಗ ಹೇಳಿ” ಎಂದು ಕೇಳಿದವನು ಆತುರಗಾರ.

“ಪೋರ್ಟ್ ಸಂಖ್ಯೆಗೆ ಮೀಸಲಾದದ್ದು 16 ಬಿಟ್,” ಎಂದು ಪಂಡಿತ ಪೀಠಿಕೆ ಹಾಕಿದ. “ಆದ್ದರಿಂದ ಗರಿಷ್ಠ ಸಂಖ್ಯೆ 65535. ಕಂಪ್ಯೂಟರನ್ನು ಒಂದು ಮನೆ ಎಂದುಕೊಂಡರೆ, ಪ್ರೋಗ್ರಾಂ ಹೊರಗಿನ ಕರೆಗಾಗಿ ಕಾಯುವ ಬಾಗಿಲಿನ ಸಂಖ್ಯೆಯೇ ಪೋರ್ಟ್...”

“ಮನೆ, ಬಾಗಿಲು ಯಾವುದೂ ಬೇಡ. ಫ್ಲಾಸ್ಕ್ ರೂಢಿಯಂತೆ 5000, ಜಾಂಗೋ 8000, ಟಾಮ್‌ಕ್ಯಾಟ್ 8080. ನನ್ನದು 5000ದಲ್ಲೇ ಇದೆ. ಬ್ರೌಸರಿನಲ್ಲಿ ಹಾಕಿದೆ, ಉತ್ತರವೂ ಬಂತು.”

“ಏನೆಂದು?”

“403. ಒಳಗೆ ಪ್ರವೇಶವಿಲ್ಲ ಎಂದು.”

“ನಿನ್ನದೇ ಅಪ್ಲಿಕೇಶನ್ ನಿನ್ನನ್ನೇ ಒಳಗೆ ಬಿಡುತ್ತಿಲ್ಲವೇ?” ಎಂದ ಸಂಶಯಾತ್ಮ. “ಉತ್ತರ ಕೊಟ್ಟದ್ದು ಅದೇ ಎಂದು ಯಾರು ಹೇಳಿದರು?”

ಸಂಶಯಾತ್ಮನ ಬಾಯಿಂದ ವರ್ಷಕ್ಕೊಮ್ಮೆ ಬೀಳುವ ಮುತ್ತು ಅದು. ರೂಢಿಯ ಸಂಖ್ಯೆ ಬರೀ ರೂಢಿ. ಅಲ್ಲಿ ಕುಳಿತಿರುವವರು ಯಾರು ಎಂಬುದನ್ನು ಆಪರೇಟಿಂಗ್ ಸಿಸ್ಟಮ್ ಹೇಳಬೇಕೇ ಹೊರತು ಬ್ರೌಸರ್ ಅಲ್ಲ.

ಪಂಡಿತ ಆತುರಗಾರನ ಮ್ಯಾಕ್ ಎಳೆದುಕೊಂಡು ‘ಎಲ್‌ಎಸ್‌ಒಎಫ್’ ಆದೇಶ ಕೊಟ್ಟ. ಕಾದು ಕುಳಿತ ಪೋರ್ಟುಗಳ ಪಟ್ಟಿ ಉದುರಿತು. ಆದರೆ 5000 ಎಂಬ ಅಂಕಿಯೇ ಅದರಲ್ಲಿಲ್ಲ! ಅದರ ಜಾಗದಲ್ಲಿ ‘ಕಾಮ್‌ಪ್ಲೆಕ್ಸ್-ಮೇನ್’ ಎಂಬ ಅಪರಿಚಿತ.

“ವೈರಸ್!” ಎಂದು ಆತುರಗಾರ ಕೂಗಿದ.

“ವೇಷ,” ಎಂದ ಪಂಡಿತ. “ಈ ಆದೇಶ ಸಂಖ್ಯೆಯನ್ನು ನೋಂದಾಯಿತ ಸೇವೆಯ ಹೆಸರಿಗೆ ಬದಲಿಸಿ ತೋರಿಸುತ್ತದೆ. 8080 ಆಗಿದ್ದರೆ ‘ಎಚ್‌ಟಿಟಿಪಿ-ಆಲ್ಟ್’ ಎನ್ನುತ್ತಿತ್ತು. ಜೊತೆಗೆ ದೊಡ್ಡಕ್ಷರದ ಪಿ ಸೇರಿಸಿದರೆ ವೇಷ ಕಳಚುತ್ತದೆ.”

ಕಳಚಿತು. 5000ದ ಎದುರು ಇದ್ದದ್ದು ಪೈಥಾನ್ ಅಲ್ಲ, ‘ಕಂಟ್ರೋಲ್ ಸೆಂಟರ್’. ಪಕ್ಕದಲ್ಲೇ ಅದರ ಪ್ರೊಸೆಸ್ ಸಂಖ್ಯೆ. ಪಂಡಿತ ಬಾಯಿ ತೆರೆಯುವಷ್ಟರಲ್ಲಿ ಆತುರಗಾರ ‘ಕಿಲ್’ ಒತ್ತಿ ಅದನ್ನು ಮುಗಿಸಿಬಿಟ್ಟ. ಮತ್ತೆ ನೋಡಿದರೆ ಅದೇ ಕಂಟ್ರೋಲ್ ಸೆಂಟರ್, ಅದೇ 5000, ಪ್ರೊಸೆಸ್ ಸಂಖ್ಯೆ ಮಾತ್ರ ಹೊಸದು. ಇನ್ನೊಮ್ಮೆ ಕೊಂದ. ಇನ್ನೊಮ್ಮೆ ಹುಟ್ಟಿತು.

“ರಕ್ತಬೀಜಾಸುರ,” ಎಂದು ಸಂಶಯಾತ್ಮ ಕೈಮುಗಿದ.

“ಏರ್‌ಪ್ಲೇ ರಿಸೀವರ್, ಫೋನಿನ ಹಾಡು, ಚಿತ್ರಗಳನ್ನು ಮ್ಯಾಕ್‌ಗೆ ಬರಮಾಡಿಕೊಳ್ಳುವ ಸೇವೆ,” ಎಂದು ಪಂಡಿತ ತಿದ್ದಿದ. “2021ರ ಮಾಂಟೆರಿ ಆವೃತ್ತಿಯಿಂದ ಮ್ಯಾಕ್‌ಗಳಲ್ಲಿ ಅದು ಕಂಟ್ರೋಲ್ ಸೆಂಟರ್ ಹೆಸರಿನಲ್ಲಿ 5000ದಲ್ಲಿ ಕೂರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಬೇಕು. ಇಲ್ಲವಾದರೆ ನೀನು 5001ಕ್ಕೆ ಹೋಗಬೇಕು.”

“ವಿಂಡೋಸ್‌ನಲ್ಲಾದರೆ?” ಎಂದು ನಾನು ಕೇಳಿದ್ದು ಸುಮ್ಮನೆ. ಪಂಡಿತನಿಗೆ ಅಷ್ಟು ಸಾಕಾಯಿತು. ಅಲ್ಲಿ ‘ನೆಟ್‌ಸ್ಟ್ಯಾಟ್’ ಆದೇಶಕ್ಕೆ ಎ, ಎನ್, ಒ ಎಂಬ ಅಕ್ಷರಗಳನ್ನು ಸೇರಿಸಿದರೆ ಕೊನೆಯ ಕಾಲಮ್ಮಿನಲ್ಲಿ ಪ್ರೊಸೆಸ್ ಸಂಖ್ಯೆ, ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಜಾತಕ. ಲಿನಕ್ಸ್‌ನಲ್ಲಿ ‘ಎಸ್‌ಎಸ್’ ಆದೇಶ, ಬೇರೆ ಬಳಕೆದಾರರ ಪ್ರೊಸೆಸ್‌ಗಳ ಹೆಸರು ಬೇಕೆಂದರೆ ಸೂಡೋ ಎಂಬ ನಿರ್ವಾಹಕನ ಅಧಿಕಾರ ಬೇಕು.

“ಅಪ್ಲಿಕೇಶನ್ ಡಾಕರ್ ಎಂಬ ಪ್ರತ್ಯೇಕ ಪೆಟ್ಟಿಗೆಯ ಒಳಗಿದ್ದರೆ?” ಸಂಶಯಾತ್ಮ ಬಿಡಲಿಲ್ಲ.

“ಅಪ್ಲಿಕೇಶನ್ ಒಳಗೆ 80 ಎನ್ನುತ್ತದೆ, ಹೊರಗೆ ನೀನು 8080 ಎಂದು ಜೋಡಿಸಿರುತ್ತೀಯ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.”

“ಮುಂದೆ ಎಂಜಿನ್‌ಎಕ್ಸ್ ಎಂಬ ದ್ವಾರಪಾಲಕ ಸರ್ವರನ್ನು ನಿಲ್ಲಿಸಿದ್ದರೆ?”

“ಲೋಕಕ್ಕೆ ಕಾಣುವುದು 443. ಅಪ್ಲಿಕೇಶನ್ ಹಿಂದೆ ಎಲ್ಲೋ. ಆ ವಿಳಾಸ ಎಂಜಿನ್‌ಎಕ್ಸ್‌ನ ಕಾನ್ಫಿಗರೇಶನ್ ಫೈಲಿನಲ್ಲಿರುತ್ತದೆ.”

“ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಂಖ್ಯೆ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇನ್ನೊಂದು...”

“ನಿಲ್ಲಿಸಿ!” ಆತುರಗಾರ ಮೇಜು ಗುದ್ದಿದ. “ಅಸುರ 5000ದಲ್ಲಿದ್ದಾನೆ, ಸರಿ. ನನ್ನ ಅಪ್ಲಿಕೇಶನ್ ಎಲ್ಲಿದೆ?”

ಎಲ್ಲೂ ಇರಲಿಲ್ಲ. ಅವನು ಮಡಚಿಟ್ಟಿದ್ದ ಟರ್ಮಿನಲ್ ವಿಂಡೋವನ್ನು ಪಂಡಿತ ಬಿಡಿಸಿದ. ವಿಳಾಸ ಈಗಾಗಲೇ ಬಳಕೆಯಲ್ಲಿದೆ, ಬೇರೆ ಪೋರ್ಟ್ ಬಳಸಿ, ಮ್ಯಾಕ್ ಆದರೆ ಏರ್‌ಪ್ಲೇ ರಿಸೀವರ್ ಆಫ್ ಮಾಡಿ ನೋಡಿ ಎಂದು ಫ್ಲಾಸ್ಕ್ ಸ್ಪಷ್ಟ ಇಂಗ್ಲಿಷಿನಲ್ಲಿ ಬರೆದಿಟ್ಟು ಕಣ್ಣು ಮುಚ್ಚಿತ್ತು.

“ಇದನ್ನು ಓದಲಿಲ್ಲವೇ?”

“ಓದಿದ್ದರೆ ನಿಮ್ಮನ್ನು ಏಕೆ ಕೇಳುತ್ತಿದ್ದೆ?” ಎನ್ನುತ್ತಾ ಆತುರಗಾರ ಬ್ರೌಸರಿನಲ್ಲಿ 5001 ಹಾಕಿದ. ಏನೂ ತೆರೆಯಲಿಲ್ಲ.

“ಮೊದಲು ಸರ್ವರನ್ನು 5001ರಲ್ಲಿ ಶುರುಮಾಡಬೇಕಲ್ಲ ಮಾರಾಯ!”

“ಇಷ್ಟು ಹೊತ್ತು ಕೊಲ್ಲುವುದೇ ಆಯಿತು. ಹುಟ್ಟಿಸುವ ಆದೇಶ ಯಾವುದು, ಅದನ್ನೂ ಬೇಗ ಹೇಳಿ.”