ಪೀಣ್ಯದ ಮೆಷಿನ್‌ನಲ್ಲಿ ಮಾತ್ರ ಕ್ರ್ಯಾಶ್, ಆಪ್ಟಿಮೈಸೇಶನ್ ಫ್ಲ್ಯಾಗ್ ತಪ್ಪಾ?

ಮತ್ತೀಕೆರೆ ಮಂಡಕ್ಕಿ:
ನಮ್ಮದು ಸಿ++ ಪ್ರಾಜೆಕ್ಟ್, ಬಿಲ್ಡ್ ಮಾಡಲು (ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸಲು) ಸಿಮೇಕ್ ಎಂಬ ಟೂಲ್ ಬಳಸುತ್ತೇವೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಬಿಲ್ಡ್ ಆಗಬೇಕು. ಹಿಂದೆ ಇದ್ದವರು ಯಾರೋ ಎಲ್ಲಕ್ಕೂ ಸೇರಿಸಿ ಕಂಪೈಲರ್‌ಗೆ ಕೊಡುವ ಸೂಚನೆಗಳನ್ನು (ಫ್ಲ್ಯಾಗ್) ಒಂದೇ ಸಾಲಲ್ಲಿ ಬರೆದಿಟ್ಟಿದ್ದಾರೆ: -ಓ3 -ಮಾರ್ಚ್=ನೇಟಿವ್. ಓ3 ಎಂದರೆ ಕೋಡ್ ವೇಗ ಹೆಚ್ಚಿಸುವ ಮೇಲಿನ ಮಟ್ಟ. ವಿಂಡೋಸ್‌ನ ಕಂಪೈಲರ್ ಎಂಎಸ್‌ವಿಸಿಗೆ ಅದು ಅರ್ಥವೇ ಆಗುವುದಿಲ್ಲ, ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಈಗ ಪೀಣ್ಯದ ಒಬ್ಬ ಕಸ್ಟಮರ್ ಹತ್ತಿರ ಇರುವ ಹಳೇ ಲಿನಕ್ಸ್ ಮೆಷಿನ್‌ನಲ್ಲಿ ಆಪ್ ತೆರೆದ ಕೂಡಲೇ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಬಂದು ನಿಂತುಹೋಗುತ್ತದೆ. ಮ್ಯಾಕ್ ಎಂ1ನಲ್ಲಿ ಬೇರೆಯದೇ ತಲೆನೋವು, ಟೆಸ್ಟ್‌ನಲ್ಲಿ ದಶಮಾಂಶದ ಕೊನೆಯ ಅಂಕಿ ಹೊಂದುವುದಿಲ್ಲ. ಸುಮ್ನೆ ಎಲ್ಲ ಕಡೆ ಒಂದು ಮೆಟ್ಟಿಲು ಇಳಿಸಿ ಓ2 ಮಾಡಿಬಿಡಲಾ?

ಬೈಟು ಕಾಫಿ:
ಓ3 ಏನೂ ತಪ್ಪು ಮಾಡಿಲ್ಲ ಸಾರ್. ಕಳ್ಳ ಆ ನೇಟಿವ್. ಬಿಲ್ಡ್ ಮಾಡುವ ಮೆಷಿನ್‌ನ ಪ್ರೊಸೆಸರ್‌ಗೆ ಏನೇನು ಬರುತ್ತದೋ ಅದನ್ನೆಲ್ಲ ಬಳಸು ಎಂದು ಹೇಳಿದ ಹಾಗೆ. ನಿಮ್ಮ ಬಿಲ್ಡ್ ಸರ್ವರ್‌ನಲ್ಲಿ ಎವಿಎಕ್ಸ್-512 (ಕೆಲವು ಪ್ರೊಸೆಸರ್‌ಗಳಲ್ಲಿ ಮಾತ್ರ ಇರುವ ಇನ್‌ಸ್ಟ್ರಕ್ಷನ್ ಗುಂಪು) ಇದ್ದರೆ ಅದೂ ಬೈನರಿ ಒಳಗೆ ಬರುತ್ತದೆ, ಪೀಣ್ಯದ ಪ್ರೊಸೆಸರ್‌ಗೆ ಅದರ ಗಂಧವೇ ಇರುವುದಿಲ್ಲ. ಆ ಇಡೀ ಸಾಲನ್ನೇ ಅಳಿಸಿ. ರಿಲೀಸ್ ಬಿಲ್ಡ್ (ಕಸ್ಟಮರ್‌ಗೆ ಕೊಡುವ ವೇಗದ ಬಿಲ್ಡ್) ಬೇಕು ಎಂದರೆ ಸಿಮೇಕ್ ತಾನೇ ಲಿನಕ್ಸ್‌ನ ಜಿಸಿಸಿ, ಮ್ಯಾಕ್‌ನ ಕ್ಲ್ಯಾಂಗ್ ಕಂಪೈಲರ್‌ಗಳಿಗೆ ಓ3 ಮತ್ತು ಎಂಎಸ್‌ವಿಸಿಗೆ ಓ2 ಹಾಕುತ್ತದೆ. ವೇಗ ಸಾಲದಿದ್ದರೆ ನೇಟಿವ್ ಬದಲು ಎಕ್ಸ್86-64-ವಿ3 ಎಂಬ ಪ್ರೊಸೆಸರ್ ಮಟ್ಟವನ್ನು ಹೆಸರು ಹೇಳಿಯೇ ಕೊಡಿ, ಜಿಸಿಸಿ 11, ಕ್ಲ್ಯಾಂಗ್ 12ರಿಂದ ಇದೆ. ಆದರೆ ಅದಕ್ಕೆ ಎವಿಎಕ್ಸ್2 ಬೇಕು, 2013ರ ಹ್ಯಾಸ್ವೆಲ್‌ಗಿಂತ ಹಳೇ ಇಂಟೆಲ್ ಆದರೆ ಅದೂ ಓಡುವುದಿಲ್ಲ.

ಅಂದ ಹಾಗೆ ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಜನರೇಟರ್ ಇದ್ದರೆ (ಸಿಮೇಕ್ ವಿಷುಯಲ್ ಸ್ಟುಡಿಯೋ ಪ್ರಾಜೆಕ್ಟ್ ತಯಾರಿಸುತ್ತಿದ್ದರೆ) ರಿಲೀಸಾ ಡೀಬಗ್ಗಾ ಎಂದು ಹೇಳುವ ಬಿಲ್ಡ್ ಟೈಪ್ ವೇರಿಯಬಲ್‌ಗೆ ಬೆಲೆಯೇ ಇಲ್ಲ. ಬಿಲ್ಡ್ ಮಾಡುವಾಗ --ಕಾನ್ಫಿಗ್ ರಿಲೀಸ್ ಎಂದು ಕೊಡುತ್ತಿದ್ದೀರಿ ಅಲ್ವಾ?

ಸೆಮಿಕೋಲನ್ ಸುಬ್ಬ:
ಮ್ಯಾಕ್ ವಿಷಯ ಎಫ್‌ಎಂಎ ಇರಬೇಕು. ಗುಣಿಸಿ ಕೂಡುವುದನ್ನು ಒಂದೇ ಏಟಿಗೆ ಮಾಡುತ್ತದೆ, ಎರಡು ಸಲ ರೌಂಡ್ ಆಗುವ ಕಡೆ ಒಂದೇ ಸಲ ಆಗುತ್ತದೆ, ಅದಕ್ಕೇ ಕೊನೆಯ ಅಂಕಿ ಬದಲು. ನಿಮ್ಮ ಲಿನಕ್ಸ್ ನೇಟಿವ್ ಬಿಲ್ಡ್‌ನಲ್ಲೂ ಅದು ನಡೆದಿರುತ್ತದೆ, ಆದರೆ ಜಿಸಿಸಿ ಒಂದು ಸಾಲಿನ ಗುಣಾಕಾರವನ್ನು ಮುಂದಿನ ಸಾಲಿನ ಕೂಡುವುದಕ್ಕೂ ಬೆಸೆಯುತ್ತದೆ, ಕ್ಲ್ಯಾಂಗ್ ಒಂದೇ ಎಕ್ಸ್‌ಪ್ರೆಶನ್ ಒಳಗಿದ್ದರೆ ಮಾತ್ರ. ಆ ಬೆಸುಗೆ ನಿಲ್ಲಿಸಲು ಎರಡೂ ಕಂಪೈಲರ್‌ಗೆ -ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್ ಕೊಟ್ಟು ನೋಡಿ. ವೇಗಕ್ಕಾಗಿ ಲೆಕ್ಕದ ನಿಖರತೆ ಬಿಟ್ಟುಕೊಡುವ ಫಾಸ್ಟ್-ಮ್ಯಾತ್ ಫ್ಲ್ಯಾಗ್ ಕಡೆಗಂತೂ ತಲೆ ಹಾಕಬೇಡಿ.

ಮತ್ತೀಕೆರೆ ಮಂಡಕ್ಕಿ:
ಸಾಲು ಅಳಿಸಿದೆ, ಪೀಣ್ಯದಲ್ಲಿ ಓಡಿತು. ನೀವು ಹೇಳಿದ ಫ್ಲ್ಯಾಗ್ ಕೊಟ್ಟ ಮೇಲೆ ಮ್ಯಾಕ್‌ನಲ್ಲಿ ಹೊಂದದ ಟೆಸ್ಟ್ ಒಂದೇ ಉಳಿದಿದೆ, ಅದು ಸೈನ್ (ತ್ರಿಕೋನಮಿತಿಯದು) ಫಂಕ್ಷನ್ ಕರೆಯುತ್ತದೆ.

ಸೆಮಿಕೋಲನ್ ಸುಬ್ಬ:
ಸೈನ್ ಬರುವುದು ಆಯಾ ಓಎಸ್‌ನ ಮ್ಯಾತ್ ಲೈಬ್ರರಿಯಿಂದ, ಫ್ಲ್ಯಾಗ್‌ಗೆ ಬಗ್ಗುವುದಿಲ್ಲ. ಆ ಟೆಸ್ಟ್‌ಗೆ ಸ್ವಲ್ಪ ಟಾಲರೆನ್ಸ್ (ಸಣ್ಣ ವ್ಯತ್ಯಾಸಕ್ಕೆ ಅವಕಾಶ) ಕೊಡಿ.

ಮತ್ತೀಕೆರೆ ಮಂಡಕ್ಕಿ:
ಆಯಿತು. ಬೈಟು ಅವರೇ, ಕಾನ್ಫಿಗ್ ಕೊಟ್ಟಿರಲಿಲ್ಲ. ವಿಂಡೋಸ್ ಸ್ಲೋ ಎಂದು ಆರು ತಿಂಗಳಿಂದ ಬೈಯುತ್ತಿದ್ದೆವು, ಓಡಿಸುತ್ತಿದ್ದದ್ದು ಆಪ್ಟಿಮೈಸ್ ಆಗದ ಡೀಬಗ್ ಬಿಲ್ಡ್. ಮ್ಯಾನೇಜರ್‌ಗೆ ಇನ್ನೂ ಹೇಳಿಲ್ಲ.